ಮೆತ್ತಗೆ ಹೇಳಿದ ಮಾತು

ಜೂನ್ ೧೨, ಗುರುವಾರ

ಭಾರತಮ್ಮ ಏಪ್ರನ್ ಮಡಿಸಿ ತಂದಿದ್ದಳು. ಮಲಗಲು ಹೋದರೂ ಅದೇ ಕಣ್ಣ ಮುಂದೆ.

ಹೋದ ವಾರ ಕೋಲಾರದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಕೆಲಸಗಾರರ ತಪ್ಪನ್ನು ಎಲ್ಲರೆದುರು ಆಡಬಾರದು, ಒಬ್ಬರನ್ನೇ ಕರೆದು ಕೂರಿಸಿ ಮೆತ್ತಗೆ ಹೇಳಬೇಕು. ನೋಟ್ಸಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದುಕೊಂಡಿದ್ದೆ. ಶ್ರೀನಿವಾಸಪುರದ ಈ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಸೂಪರ್‌ವೈಸರ್ ಆಗಿ ಕೂಗಿ ಕೂಗಿಯೇ ಕೆಲಸ ಮಾಡಿಸಿದವಳು ನಾನು.

ಇವತ್ತು ಭಾರತಮ್ಮ ತೊಟ್ಟು ತೆಗೆಯದ ತೋತಾಪುರಿಗಳನ್ನು ಹಾಗೇ ಮುಂದಕ್ಕೆ ಬಿಡುತ್ತಿದ್ದಳು. ನಾನು ಕೂಗಲಿಲ್ಲ. ಹತ್ತಿರ ಹೋಗಿ, "ಊಟ ಆದ್ಮೇಲೆ ನನ್ ರೂಮಿಗೆ ಬಾಮ್ಮ" ಅಂದೆ. ಹಣ್ಣು ಆರಿಸುತ್ತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಶಿಸ್ತು ಬಂತು ಅಂದುಕೊಂಡೆ.

ಬಂದಾಗ ಅವಳ ಕೈಯಲ್ಲಿ ಏಪ್ರನ್, ತಲೆಯ ಟೋಪಿ, ಊಟದ ಡಬ್ಬಿ.

"ನಾಳೆಯಿಂದ ಬರೋದು ಬೇಡ, ಅಲ್ವಾ ಮೇಡಂ?"

ತೊಟ್ಟಿನ ವಿಷಯ ಹೇಳಿದೆ. ಗೋಡೆಗೆ ಒರಗಿಬಿಟ್ಟಳು.

"ಅಯ್ಯೋ ದೇವುಡಾ, ಅಷ್ಟೇನಾ? ಅಲ್ಲೇ ನಾಲ್ಕು ಬೈದಿದ್ರೆ ಆಗ್ತಿರ್ಲಿಲ್ವಾ? ಡಬ್ಬಿ ಬಿಚ್ಚೋಕೂ ಮನಸ್ಸು ಬರ್ಲಿಲ್ಲ ಮೇಡಂ."

ಏಪ್ರನ್ ಕಟ್ಟಿಕೊಳ್ಳುತ್ತಲೇ ಹೊರಗೆ ಹೋದಳು. ತೊಟ್ಟಿನ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಆಮೇಲೆ ಯೋಚಿಸಿದೆ. ನಾನು ಆ ರೂಮಿಗೆ ಕರೆಸಿದ ಯಾವ ಹೆಂಗಸೂ ಇದುವರೆಗೆ ಮರುದಿನ ಕೆಲಸಕ್ಕೆ ಬಂದಿಲ್ಲ. ಅದು ಅವರಿಗೆಲ್ಲ ಗೊತ್ತಿತ್ತು. ನನಗೆ ಇವತ್ತು ಗೊತ್ತಾಯಿತು.

ಕೂರಿಸಿ ಹೇಳಬೇಕು ಎಂದು ನೋಟ್ಸಿನಲ್ಲಿದೆ. ಅವಳು ನಿಂತೇ ಇದ್ದಳು. ಆ ರೂಮಿನಲ್ಲಿ ಇರುವುದು ಒಂದೇ ಕುರ್ಚಿ, ಅದರಲ್ಲಿ ನಾನು ಕೂತಿದ್ದೆ.