ಅಮ್ಮನನ್ನು ಕಳಿಸುವುದಿಲ್ಲ

ಮನೆಯಿಂದ,
ಸೋಮವಾರ ಸಂಜೆ

ಅಕ್ಕನಿಗೆ,

ಭಿಕ್ಷುಣಿಯಾದ ಮೇಲೆ ನಿನ್ನನ್ನು ‘ಪೂಜ್ಯ’ ಎನ್ನಬೇಕಂತೆ. ನಿಮ್ಮ ಬೌದ್ಧ ವಿಹಾರದ ಕಚೇರಿಯಾಕೆ ನನ್ನನ್ನು ತಿದ್ದಿದಳು. ಒಂದೇ ತಟ್ಟೆಯಲ್ಲಿ ಉಂಡು ಜಗಳವಾಡಿದವಳು ತಲೆ ಬೋಳಿಸಿಕೊಂಡ ಮಾತ್ರಕ್ಕೆ ಪೂಜ್ಯಳಾದರೆ ನನ್ನ ಬಾಯಿ ಅಷ್ಟು ಬೇಗ ಪಳಗುವುದಿಲ್ಲ. ಅಕ್ಕ ಎಂದೇ ಬರೆಯುತ್ತೇನೆ, ಅದೂ ಅಭ್ಯಾಸಬಲದಿಂದ.

ನಿನ್ನೆ ಅಮ್ಮನನ್ನು ಕರೆತಂದದ್ದು ನಿನ್ನನ್ನು ನೋಡಲಿಕ್ಕೆ, ಕಟ್ಟಡ ನೋಡಲಿಕ್ಕಲ್ಲ. ಗಾಲಿಕುರ್ಚಿಯನ್ನು ಬಸ್ಸಿಗೆ ಹತ್ತಿಸಿ ಇಳಿಸಿ ನನ್ನ ಸೊಂಟ ಬಿದ್ದುಹೋಯಿತು. ಪಾರ್ಶ್ವವಾಯು ಹೊಡೆದು ಅವಳ ಬಲಗೈ ಜೋತುಬಿದ್ದ ಮೇಲೆ ನೀನು ಅವಳನ್ನು ನೋಡಿದ್ದು ಇದೇ ಮೊದಲು. ಬಾಗಿಲಲ್ಲಿ ನೀನು ಕೈಮುಗಿದೆ. ನಮ್ಮ ಹಿಂದೆ ಬಂದ ಪ್ರವಾಸಿಗಳಿಗೂ ಹಾಗೇ ಮುಗಿದೆ. ಆಮೇಲೆ ಬೆರಳೆತ್ತಿ ಚಾವಣಿ ತೋರಿಸಲು ಶುರುಮಾಡಿದೆ.

ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಸಿಟ್ಟಿದ್ದ ಮಾತ್ರಕ್ಕೆ ಕಣ್ಣು ಕುರುಡಾಗುವುದಿಲ್ಲ. ಲಂಗದ ಪದರಗಳ ಹಾಗೆ ಒಂದರ ಮೇಲೊಂದು ಏರಿದ ಚಾವಣಿಗಳು, ಮೇಲಕ್ಕೆ ಬಾಗಿದ ಅವುಗಳ ತುದಿಯಲ್ಲಿ ಗಾಳಿಗೆ ಕಿಣಿಗುಡುವ ಪುಟ್ಟ ಗಂಟೆಗಳು. ಕೆಂಪು ಕಂಬಗಳ ಬುಡದಿಂದ ನೆತ್ತಿಯವರೆಗೆ ಸುತ್ತಿದ ಚಿನ್ನದ ಬಳ್ಳಿ. ನರ್ತಕಿಯರ ಉಡುಪಿಗೆ ಕನ್ನಡಿಚೂರು ಹೊಲಿದು ಹೊಟ್ಟೆ ಹೊರೆಯುವ ನಾನೇ ಗೋಡೆಯ ಬಣ್ಣದ ಗಾಜಿನ ಕುಸುರಿಗೆ ಬೆರಗಾಗಿ ನಿಂತೆ. ಎಲ್ಲಿಯೂ ಒಂದು ಚೂರು ಸೊಟ್ಟಗಿರಲಿಲ್ಲ. ಒಳಗೆ ಬುದ್ಧನ ಮುಖ ನೋಡಿ ಅಳು ಬಂತು. ನಿನ್ನ ಮುಖವೂ ಅಷ್ಟೇ ಶಾಂತವಾಗಿತ್ತು. ಅದನ್ನು ನೋಡಿ ಮೈಯೆಲ್ಲ ಉರಿಯಿತು.

“ಅಕ್ಕಾ, ಅಮ್ಮನ ಕೈ ನೋಡಿದ್ಯಾ?” ಎಂದು ಕೇಳಿದೆ. ಕಂಬದ ಮೇಲಿನ ಕಮಲವನ್ನು ಒಂದೇ ಮರದಲ್ಲಿ ಕೆತ್ತಿದ್ದಾರೆ ಎಂದೆ ನೀನು. ಅಮ್ಮನೋ, ಅದನ್ನೆಲ್ಲ ನೀನೇ ಕಟ್ಟಿಸಿದವಳೇನೋ ಎಂಬಂತೆ ಕತ್ತೆತ್ತಿ ನೋಡಿ ಹಿಗ್ಗುತ್ತಿದ್ದಳು.

ಹಿಂದಿನ ಅಂಗಳಕ್ಕೆ ಬಂದ ಮೇಲೆ ನಿನ್ನ ಬಾಯಿಂದ ಮನೆಯ ಮಾತು ಹೊರಟಿತು. “ವಯಸ್ಸಾದವರಿಗೆ ಇಲ್ಲೊಂದು ಕೋಣೆ ಇದೆ. ಅಮ್ಮ ಇಲ್ಲೇ ಇರ್ಲಿ. ನೀನೂ ಸೋತುಹೋಗಿದೀಯ.”

ಎಷ್ಟು ಸಲೀಸು. ಹೇಳದೆ ಕೇಳದೆ ಮನೆ ಬಿಟ್ಟವಳು ನೀನು. ಅವಳಿಗೆ ಸ್ನಾನ ಮಾಡಿಸಿದ್ದು, ತುತ್ತಿಟ್ಟದ್ದು, ಹಾಸಿಗೆ ಒದ್ದೆಯಾದರೆ ಗಿರಾಕಿಯನ್ನು ನಿಲ್ಲಿಸಿ ಒಳಗೆ ಓಡಿದ್ದು ನಾನು. ಹಗಲೆಲ್ಲ ಅಡುಗೆ ಮಾಡುವವಳೊಬ್ಬಳು, ಬಡಿಸಿ ಹೊಗಳಿಸಿಕೊಳ್ಳುವವಳು ಇನ್ನೊಬ್ಬಳು.

ಹೋಗೋಣ ಎಂದು ಕುರ್ಚಿ ತಿರುಗಿಸಿದೆ. ಅಮ್ಮ ಎಡಗೈಯಿಂದ ಗಾಲಿಯನ್ನು ಬಿಗಿಯಾಗಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. “ಕೋಣೆ ತೋರ್ಸು” ಎಂದಳು, ನಿನಗೆ. ನೀನು ಕರೆದುಕೊಂಡು ಹೋದೆ. ನಾನು ಹೊರಗೇ ನಿಂತೆ.

ಆದ್ದರಿಂದ ಕೇಳು: ಅಮ್ಮನನ್ನು ಕಳಿಸುವುದಿಲ್ಲ. ಅವಳಿಗೆ ನಿನ್ನ ಪಥ್ಯ ಒಗ್ಗುವುದಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು ನಿಮ್ಮವರಿಗೆ ತಿಳಿಯುವುದಿಲ್ಲ. ಕಾರಣ ಬೇಕಾದರೆ ಇನ್ನೂ ಇವೆ. ಅವಳೂ ಹೊರಟರೆ ಅಂಗಡಿ ಮುಚ್ಚಿ ಒಳಮನೆಗೆ ಬಂದಾಗ ನಾನು ಯಾರನ್ನು ಬೈಯಲಿ, ಯಾರನ್ನು ಮಾತಾಡಿಸಲಿ? ಅದನ್ನು ನೀನು ಕೇಳಲಿಲ್ಲ. ಕೋಣೆಯನ್ನು ಬೇರೆ ಯಾರಿಗಾದರೂ ಕೊಡು. ಉತ್ತರ ಬರೆಯಬೇಡ.

ಬೇರೆ ದಾರಿಯಿಲ್ಲದೆ
ನಿನ್ನ ತಂಗಿಯಾದವಳು

ತಾ.ಕ.: ಏನು ಬರೆದೆ ಎಂದು ಅಮ್ಮ ಈಗ ಕೇಳಿದಳು. ಅವಳನ್ನು ಕರೆತರುತ್ತೇನೆ ಎಂದು ಬರೆದೆ ಅಂದುಬಿಟ್ಟೆ. ಯಾಕೆ ಹಾಗಂದೆನೋ. ನಕ್ಕಳು. ಬಾಯಿ ಸೊಟ್ಟಗಾದ ಮೇಲೆ ಅವಳು ನಗುವುದನ್ನೇ ಬಿಟ್ಟಿದ್ದಳು. ಈಗ ಒಂದೇ ಕೈಯಲ್ಲಿ ತನ್ನ ಬಟ್ಟೆ ಮಡಚುತ್ತಿದ್ದಾಳೆ, ಒಂದೂ ಸರಿಯಾಗಿ ಬರುತ್ತಿಲ್ಲ. ಹೋಗಿ ಮಡಚಿಕೊಡಬೇಕು.