‘ಆಲು’ ಎಂದವಳನ್ನು ಇನ್ನೊಮ್ಮೆ ಕೇಳಿ

ಪರದೇಶಿಗಳ ಪತ್ತೆ ಕಾರ್ಯಾಚರಣೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತೂಬಾ ಎಲ್ಲಿದ್ದಾಳೆ? ಕಳೆದ ಮಂಗಳವಾರ ಬೆಳಿಗ್ಗೆ ಮದ್ದೂರು ತಾಲ್ಲೂಕಿನ ಕೊಪ್ಪದ ಹೊರಗಿನ ಆಲೆಮನೆಯೊಂದರ ಅಂಗಳದಿಂದ ನಿಮ್ಮ ತಂಡದವರು ವ್ಯಾನು ಹತ್ತಿಸಿಕೊಂಡು ಹೋದ ಆ ಹೆಣ್ಣುಮಗಳು ಈಗ ಯಾವ ಊರಿನ ಯಾವ ಕೋಣೆಯಲ್ಲಿದ್ದಾಳೆ ಎಂದು ಅವಳ ಗಂಡನಿಗಾಗಲಿ ಅತ್ತೆಗಾಗಲಿ ನೀವು ತಿಳಿಸಿಲ್ಲ. ಯಾವ ನ್ಯಾಯಾಧೀಶರ ಮುಂದೆಯೂ ಅವಳನ್ನು ನಿಲ್ಲಿಸಿಲ್ಲ. ಬಂಧಿಸಿದ್ದೀರಾ ಎಂದರೆ ಇಲ್ಲ ಎನ್ನುತ್ತೀರಿ. ಹಾಗಾದರೆ ಮನೆಗೆ ಕಳಿಸಿ ಎಂದರೆ ಅದೂ ಇಲ್ಲ. ಈ ವಾರದಲ್ಲೇ ಅವಳನ್ನು ರೈಲು ಹತ್ತಿಸಿ ಬಾಂಗ್ಲಾದೇಶದ ಗಡಿಯಾಚೆ ಬಿಟ್ಟುಬರುತ್ತಾರೆ ಎಂಬ ಸುದ್ದಿ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆಯೇ ನಮ್ಮ ಕಿವಿಗೆ ಬಿತ್ತು. ಸುಳ್ಳಾಗಿದ್ದರೆ ಸುಳ್ಳೆಂದು ಹೇಳಿಬಿಡಿ. ನಿಜವಾಗಿದ್ದರೆ, ಅವಳನ್ನು ರೈಲು ಹತ್ತಿಸುವ ಮುಂಚೆ ದಯವಿಟ್ಟು ಈ ಪತ್ರವನ್ನು ಪೂರ್ತಿ ಓದಿ. ನಿಮಗೊಬ್ಬರಿಗೇ ಬರೆದಿದ್ದ ಮನವಿಗೆ ಮುದ್ರೆ ಬಿತ್ತೇ ಹೊರತು ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಕೊಪ್ಪದ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಪಾಠ ಹೇಳಿದೆ ಎನ್ನುವುದಕ್ಕಿಂತ ‘ಹ’ ಹೇಳಿಸಲು ಹೆಣಗಿದೆ ಎಂದರೆ ಸರಿಹೋಗುತ್ತದೆ. ನಮ್ಮ ಸೀಮೆಯ ನಾಲಿಗೆಗೂ ಹಕಾರಕ್ಕೂ ಅದೇಕೋ ಆಗಿಬರುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ, ಹಾಲು ಆಲಾಗುತ್ತದೆ. ತೂಬಾ ನನ್ನ ತರಗತಿಗೆ ಬಂದಾಗ ಅವಳಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅಪ್ಪ ಅಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೂಲಿಗೆ ಬಂದಿದ್ದರು. ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಕಡೆಯವರು ಎಂದು ಶಾಲೆಗೆ ಸೇರಿಸುವಾಗ ಅಪ್ಪ ಹೇಳಿದ್ದು ನನಗೆ ನೆನಪಿದೆ. ತಮಾಷೆಯೆಂದರೆ, ಅಕ್ಷರ ಕಲಿತ ಮೇಲೆ ಇಡೀ ತರಗತಿಯಲ್ಲಿ ‘ಹಾಲು’ ಎಂದು ಸ್ಪಷ್ಟವಾಗಿ ಓದುತ್ತಿದ್ದವಳು ಅವಳೊಬ್ಬಳೇ. ಗಂಟೆ ಹೊಡೆದು ಹೊರಗೆ ಓಡಿದ ಮೇಲೆ ಅವಳೂ ಎಲ್ಲರಂತೆ ಆ ‘ಹ’ವನ್ನು ಬಿಟ್ಟುಬಿಡುತ್ತಿದ್ದಳು. ಗೆಳತಿಯರು ಹೇಗೆ ಆಡುತ್ತಾರೋ ಹಾಗೆ ಆಡಬೇಕು ಅವಳಿಗೆ. ಮುಂದೆ ಅವಳ ಹೆತ್ತವರಿಬ್ಬರೂ ತೀರಿಕೊಂಡರು. ಕೊಪ್ಪದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಶಾದಾಬ್ ಅವಳನ್ನು ಮದುವೆಯಾದ. ಅವನ ತಾಯಿ ಜಾನ್ ಬೀ ಒಂದು ಹಸು ಸಾಕಿದ್ದರು. ಆ ಹಸುವಿನ ಪೂರಾ ಉಸ್ತುವಾರಿ ಸೊಸೆಯ ಕೈಗೆ ಬಂತು. ಬೆಳಿಗ್ಗೆ ಸಂಜೆ ಕರೆದು ಡೈರಿಗೆ ಹಾಕುವುದು ಅವಳ ಕೆಲಸ.

ಮಂಗಳವಾರವೂ ಡೈರಿಗೆ ಹಾಲು ಹಾಕಿ, ಮಿಕ್ಕಿದ್ದನ್ನು ಆಲೆಮನೆಯವರ ಟೀಗೆಂದು ಕೊಡಲು ಹೋಗಿದ್ದಾಳೆ. ಈಗ ಅಲ್ಲಿ ಕೆಲಸಕ್ಕಿರುವವರೂ ಬಂಗಾಳದ ಕಡೆಯವರೇ. ಅವರೊಡನೆ ತಾಯಿಮಾತಿನಲ್ಲಿ ನಾಲ್ಕು ಮಾತಾಡಿ ಬರುವುದು ಅವಳಿಗೊಂದು ಖುಷಿ. ನಿಮ್ಮ ವ್ಯಾನು ಬಂದು ನಿಂತದ್ದು ಆಗಲೇ. ಕಬ್ಬು ಅರೆಸಲು ಬಂದಿದ್ದ ಪುಟ್ಟರಾಜು ಎಂಬ ರೈತ ಎಲ್ಲವನ್ನೂ ಕಂಡಿದ್ದಾನೆ. ಅವನೂ ನನ್ನ ಶಿಷ್ಯನೇ. ನಾನು ಕೇಳಿದಾಗ ಅವನು ಹೇಳಿದ್ದಿಷ್ಟು: “ಎಲ್ರನೂ ಸಾಲಾಗಿ ನಿಲ್ಸುದ್ರು ಮೇಡಂ. ಈಯಮ್ಮನ್ನ ಏನ್ ಕೆಲ್ಸ ಮಾಡೀಯೆ ಅಂದ್ರು. ‘ಆಲ್ ಕರೀತೀನಿ ಸಾ, ಡೈರಿಗ್ ಆಕ್ತೀನಿ’ ಅಂದ್ಲು. ಇರೋದ್ನೇ ಅಂದ್ಲು. ಅದ್ಯಾಕೋ ಆ ಸಾಹೇಬ್ರು ಒಂಥರಾ ನೋಡುದ್ರು. ವ್ಯಾನ್ ಅತ್ತು ಅಂದ್ರು.”

ಆ ನೋಟದ ಅರ್ಥ ನನಗೆ ತಿಳಿದದ್ದು ಮಾರನೆಯ ದಿನ, ಜಾನ್ ಬೀಯವರನ್ನು ಕರೆದುಕೊಂಡು ಮಂಡ್ಯದ ನಿಮ್ಮ ಕಚೇರಿಗೆ ಬಂದಾಗ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಕೈಕೆಳಗಿನ ತರುಣ ಅಧಿಕಾರಿಯೊಬ್ಬರು ಕುರ್ಚಿ ಕೊಟ್ಟು ಕೂರಿಸಿದರು. ಒರಟರಲ್ಲ, ಮರ್ಯಾದಸ್ಥರು, ನಮ್ಮ ಸೀಮೆಯವರಲ್ಲ ಅಷ್ಟೆ. ಆಧಾರ್ ಕಾರ್ಡು ತೋರಿಸಿದರೆ ಅದು ಪೌರತ್ವಕ್ಕೆ ಪುರಾವೆಯಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, “ಹೇಳಿಕೆಯಲ್ಲೇ ವ್ಯತ್ಯಾಸ ಇದೆ ಮೇಡಂ. ಒಂದು ಸಲ ಡೈರಿ ಅಂತಾರೆ, ಒಂದು ಸಲ ಆಲೂ ಕರೀತೀನಿ ಅಂತಾರೆ. ಎಣ್ಣೆ ಬಾಂಡಲಿ ಎಲ್ಲಿಟ್ಟಿದೀಯಾ, ಅಂಗಡಿ ಎಲ್ಲಿ ಅಂದ್ರೆ ಸುಮ್ನೆ ಮುಖ ನೋಡ್ತಾರೆ. ಕನ್ನಡಾನೂ ಸರಿಯಾಗಿ ಬರಲ್ಲ” ಎಂದರು.

ನನಗೆ ನಗು ಬಂದುಬಿಟ್ಟಿತು. ಹಾಲು ಕರೆಯುವುದನ್ನು ಅವಳು ನಮ್ಮೂರಿನ ಮಾತಿನಲ್ಲಿ ಹೇಳಿದ್ದಾಳೆ. ನಿಮ್ಮವರು ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿಯುವುದು ಎಂದು ಕೇಳಿಸಿಕೊಂಡಿದ್ದಾರೆ. ಸ್ವಾಮಿ, ಮಂಡ್ಯ ಜಿಲ್ಲೆಯಲ್ಲಿ ಅದನ್ನು ಬರೀ ‘ಆಲು’ ಎನ್ನುವವರು ಯಾರೂ ಇಲ್ಲ, ಆಲೂಗೆಡ್ಡೆ ಎನ್ನುತ್ತೇವೆ. ಮದ್ದೂರು ತಾಲ್ಲೂಕಿನಲ್ಲಿ ಕರಿಯುವುದೇನಿದ್ದರೂ ವಡೆಯನ್ನು. ಪಕ್ಕದಲ್ಲಿದ್ದ ಜಾನ್ ಬೀ ನನ್ನ ಮುಖ ನೋಡಿ, “ಏನಂತೆ ಮೇಡಂ, ನಗ್ತಿದೀರಿ, ಬುಡ್ತಾರಂತಾ?” ಎಂದರು. ವಿಷಯ ಬಿಡಿಸಿ ಹೇಳಿದೆ. ಅವರು ನಗಲಿಲ್ಲ. ಸೆರಗಿನಿಂದ ಬಾಯೊರೆಸಿಕೊಂಡು, “ಅಂಗಾರೆ ಇನ್ನೊಂದ್ ಸಲ ಕೇಳಕ್ ಏನಾಗಿತ್ತು ಇವ್ರಿಗೆ?” ಎಂದರು. ತರುಣ ಅಧಿಕಾರಿ ತಲೆ ತಗ್ಗಿಸಿದರು. ನೀವು ಹೇಳುವುದು ಇದ್ದರೂ ಇರಬಹುದು, ಆದರೆ ಫೈಲು ಮೇಲಕ್ಕೆ ಹೋಗಿಬಿಟ್ಟಿದೆ ಎಂದರು. ಮೇಲೆ ಎಂದರೆ ನೀವು.

ಮಾನ್ಯರೇ, ನಾನು ಕಾನೂನು ಓದಿದವಳಲ್ಲ. ಆದರೆ ನೀವೆಲ್ಲ ಕಾನೂನಿನ ಪ್ರಕ್ರಿಯೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ಜಾನ್ ಬೀಯ ಆ ಒಂದು ಪ್ರಶ್ನೆಯನ್ನೇ ಅಲ್ಲವೇ? ಇನ್ನೊಂದು ಸಲ ಕೇಳುವುದು. ಮೊದಲ ಸಲ ಕೇಳಿದವರ ಕಿವಿ ಮೋಸ ಮಾಡಿರಬಹುದು, ಉತ್ತರ ಕೊಟ್ಟವರ ನಾಲಿಗೆ ಹೆದರಿ ತೊದಲಿರಬಹುದು ಎಂದೇ ಅಲ್ಲವೇ ಮ್ಯಾಜಿಸ್ಟ್ರೇಟರೆಂಬ ಎರಡನೆಯ ಕಿವಿಯನ್ನು, ವಕೀಲರೆಂಬ ಎರಡನೆಯ ಬಾಯನ್ನು ಇಟ್ಟಿರುವುದು? ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕೇಳು ಎನ್ನುತ್ತೇವೆ, ಉತ್ತರಕ್ಕೆ ಕಿವಿಗೊಡುವುದಕ್ಕೂ ಕೇಳು ಎನ್ನುತ್ತೇವೆ. ನಿಮ್ಮ ತಂಡ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತುಬಂದಿದೆ. ಹಿಡಿದವರನ್ನು ಒಂದು ಹಗಲು ಒಂದು ರಾತ್ರಿಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಾನು ಹತ್ತನೇ ತರಗತಿಯ ಮಕ್ಕಳ ಕೈಲಿ ಪ್ರಬಂಧ ಬರೆಸಿದ್ದೇನೆ. ನಿಮ್ಮ ಉತ್ತರಪತ್ರಿಕೆಗೆ ಎಷ್ಟು ಅಂಕ ಕೊಡಲಿ?

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತೂಬಾ ಎಲ್ಲಿ ಹುಟ್ಟಿದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಹೆರಿಗೆಯ ಹೊತ್ತಿಗೆ ನಾನು ಅಲ್ಲಿರಲಿಲ್ಲ. ನೀವೂ ಇರಲಿಲ್ಲ. ಅಪ್ಪ ಹೇಳಿದ್ದು ನಿಜವೆಂದು ನಾನು ನಂಬಿದ್ದೇನೆ, ನೀವು ನಂಬಬೇಕಾಗಿಲ್ಲ. ಆದರೆ ನಂಬುವುದಿಲ್ಲ ಎಂದು ಯಾರಾದರೂ ತೀರ್ಪು ಕೊಡಬೇಕಲ್ಲ, ಅದಕ್ಕೆ ಕಾರಣ ಬರೆಯಬೇಕಲ್ಲ, ಅದರ ಮೇಲೆ ಮನವಿ ಹಾಕಲು ಅವಳಿಗೊಂದು ಅವಕಾಶ ಇರಬೇಕಲ್ಲ. ಸಂವಿಧಾನದ ಇಪ್ಪತ್ತೊಂದನೆಯ ವಿಧಿ ‘ವ್ಯಕ್ತಿ’ ಎನ್ನುತ್ತದೆ. ನಾಗರಿಕ ಎನ್ನುವುದಿಲ್ಲ, ಕನ್ನಡಿಗ ಎನ್ನುವುದಿಲ್ಲ, ಹಕಾರ ಸರಿಯಾಗಿ ಬರುವವನು ಎನ್ನುವುದಿಲ್ಲ. ಅವಳ ಜೊತೆಗೆ ವ್ಯಾನು ಹತ್ತಿಸಿದ ಆಲೆಮನೆಯ ಕೂಲಿಯವರೂ ವ್ಯಕ್ತಿಗಳೇ. ಅವರಿಗಾಗಿ ಬಂದು ಕೂರಲು ಇಲ್ಲಿ ಒಬ್ಬ ಅತ್ತೆಯೂ ಇಲ್ಲ. ಆದ್ದರಿಂದ ಅವರ ಪರವಾಗಿಯೂ ನಾನೇ ಕೇಳುತ್ತಿದ್ದೇನೆ.

ನಿಮ್ಮ ಕಾರ್ಯಾಚರಣೆಯ ಹೆಸರಿನ ಬಗ್ಗೆಯೂ ಒಂದು ಮಾತು. ಪರದೇಶಿ ಎಂದರೆ ಹೊರದೇಶದವನು ಎಂದು ನಿಘಂಟು ಹೇಳುತ್ತದೆ, ಒಪ್ಪಿದೆ. ನಮ್ಮ ಕಡೆ ಆ ಮಾತಿಗೆ ಬೇರೆ ಅರ್ಥವಿದೆ. ಪರ್ದೇಸಿ ಎಂದರೆ ಹೇಳೋರು ಕೇಳೋರು ಇಲ್ಲದವನು, ದಿಕ್ಕಿಲ್ಲದವನು. ನಿಮ್ಮ ಬಾಗಿಲ ಮೇಲೆ ಅಂಟಿಸಿದ್ದ ಆ ಹೆಸರನ್ನು ನಾನು ಓದಿ ಹೇಳಿದಾಗ ಜಾನ್ ಬೀ ಎದ್ದು ನಿಂತರು. “ನನ್ ಸೊಸೆ ಪರ್ದೇಸಿ ಅಲ್ಲ ಸಾ. ಅವ್ಳ್‌ಗೆ ಗಂಡ ಅವ್ನೆ, ನಾನ್ ಇವ್ನಿ. ಅಸ ಅದೆ, ಅವ್ಳ್ ಕೈಗೇ ಒಗ್ಗಿರೋದು, ನಂಗೆ ಒದೀತದೆ. ಯಾವ್ ಪರ್ದೇಸಿನ ಅಸ ಇಂಗ್ ಕಾಯ್ತದೆ?” ಎಂದರು. ಹೊರದೇಶದವರನ್ನು ನೀವು ಎಷ್ಟು ಪತ್ತೆ ಹಚ್ಚಿದ್ದೀರೋ ನನಗೆ ಗೊತ್ತಿಲ್ಲ, ಆದರೆ ಮನೆ ಗಂಡ ಅತ್ತೆ ಎಲ್ಲ ಇರುವ ಒಬ್ಬಳನ್ನು ಒಂದೇ ವಾರದಲ್ಲಿ ಪರ್ದೇಸಿ ಮಾಡಿದ್ದೀರಿ.

ಇನ್ನು ಈ ಪತ್ರ ಓದುತ್ತಿರುವ ನನ್ನ ಜನಕ್ಕೆ. ಕಾವೇರಿ ನೀರಿಗೆ, ಕಬ್ಬಿನ ದರಕ್ಕೆ ಹೆದ್ದಾರಿಯಲ್ಲಿ ಅಡಿಗೆ ಮಾಡಿ ಉಂಡವರು ನಾವು. ಈಗ ಯಾಕೆ ಬಾಯಿಗೆ ಬೀಗ? ಮದ್ದೂರು ಪೇಟೆಯಲ್ಲಿ ಕೇಳಿದರೆ ಅವಳನ್ನು ಮಳವಳ್ಳಿ ಕಡೆ ಒಯ್ದರು ಎನ್ನುತ್ತೀರಿ, ಮಳವಳ್ಳಿಯಲ್ಲಿ ಕೇಳಿದರೆ ಬೆಂಗಳೂರು ಎನ್ನುತ್ತೀರಿ. ಏನೋ ಇಲ್ಲದೆ ಹಿಡಿಯುತ್ತಾರಾ ಎಂದು ಮೆಲ್ಲಗೆ ಸೇರಿಸುತ್ತೀರಿ. ಪುಟ್ಟರಾಜುವನ್ನು ಸಾಕ್ಷಿ ಹೇಳಲು ಬಾ ಎಂದು ಕರೆದರೆ, “ನಮಗ್ಯಾಕ್ ಬುಡಿ ಮೇಡಂ, ನನ್ನೂ ಒಳಕ್ ಆಕುದ್ರೆ ಏನ್ ಮಾಡ್ಲಿ?” ಎಂದ. ನಾನು ಕೇಳಿದೆ, “ನಿನ್ನನ್ನು ಏನು ಕೆಲಸ ಅಂತ ಕೇಳಿದರೆ ಏನು ಹೇಳುತ್ತೀಯೋ?” “ಯವ್ಸಾಯ ಮೇಡಂ. ಎಮ್ಮೆ ಆಲ್ ಕರೀತೀನಿ” ಎಂದ. ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡ. ಆಮೇಲೆ, “ಬತ್ತೀನಿ ಬುಡಿ” ಎಂದ. ಅವನ ಭಯ ಹೋಗಿಲ್ಲ. ನನ್ನದೂ ಹೋಗಿಲ್ಲ. ಭಯ ಇಟ್ಟುಕೊಂಡೇ ಬನ್ನಿ ಎಂದು ಕೇಳುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಸೇರೋಣ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬಾವುಟ ಏರಿಸಕೂಡದೆಂಬ ಆಜ್ಞೆಯ ನಡುವೆ ಬಾವುಟ ಏರಿಸಿದ ನೆಲ ಅದು. ಅಂದು ಬಂದವರೂ ನಮ್ಮಂಥ ಹೆದರುವ ಜನರೇ. ಕಲ್ಲು ಬೇಡ, ಬೈಗುಳ ಬೇಡ, ಹಾಲಿನ ಕ್ಯಾನು ತನ್ನಿ ಸಾಕು. ಅಲ್ಲಿಂದ ಮಂಡ್ಯಕ್ಕೆ ಹೋಗಿ ಸಾಹೇಬರ ಗೇಟಿನ ಮುಂದೆ ಸಾಲಾಗಿ ನಿಲ್ಲೋಣ, ಅವಳನ್ನು ನಿಲ್ಲಿಸಿದ ಹಾಗೆಯೇ. ಏನು ಕೆಲಸ ಎಂದು ಕೇಳಲಿ. ಎಲ್ಲರೂ ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳೋಣ. ಎಷ್ಟು ಜನರನ್ನು ಆಲೂಗಡ್ಡೆ ಕರಿಯುವವರೆಂದು ಬರೆದುಕೊಳ್ಳುತ್ತಾರೋ ನೋಡೋಣ.

ಮಾನ್ಯರೇ, ನಮ್ಮ ಬೇಡಿಕೆ ನಿಮ್ಮ ಅಧಿಕಾರಕ್ಕೆ ಮೀರಿದ್ದೇನಲ್ಲ. ಅವಳು ಎಲ್ಲಿದ್ದಾಳೆಂದು ಇವತ್ತೇ ಹೇಳಿ. ಅವಳನ್ನೂ ಅವಳ ಜೊತೆಗೆ ಒಯ್ದವರನ್ನೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ವಕೀಲರನ್ನು ಕೊಡಿ, ಅವರವರ ಮಾತು ತಿಳಿಯುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅದೆಲ್ಲ ಆಗುವವರೆಗೆ ರೈಲು ಹತ್ತಿಸಬೇಡಿ, ಕೈಮುಗಿದು ಕೇಳುತ್ತೇನೆ. ನನಗೆ ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಗಡಿಯೇ ಕಾಣುತ್ತದೆ. ಅತ್ತ ಕಡೆಯ ಕಾವಲಿನವನು ನೀನು ಯಾರು, ಏನು ಮಾಡುತ್ತೀಯೆ ಎಂದು ಕೇಳುತ್ತಾನೆ. ಅವಳಿಗೆ ಅವನ ಮಾತು ತಿಳಿಯಬಹುದು. ಆದರೆ ಹೆದರಿದಾಗ ಅವಳ ಬಾಯಿಗೆ ಬರುವುದು ನಮ್ಮೂರಿನ ಮಾತೇ, ನಾನು ಬಲ್ಲೆ. “ಆಲ್ ಕರೀತೀನಿ ಸಾ” ಎನ್ನುತ್ತಾಳೆ. ಅಲ್ಲಿ ಅವಳನ್ನು ಇನ್ನೊಮ್ಮೆ ಕೇಳುವವರು ಯಾರು?

ಇಂತಿ,
ಜೀವಮಾನವಿಡೀ ತಿದ್ದಿದ ಹಕಾರವನ್ನು ಸೋಮವಾರ ನಿಮ್ಮ ಗೇಟಿನ ಮುಂದೆ ತಾನೇ ಬಿಡಲಿರುವ,
ಪ್ರಿಯಂವದಾ
ನಿವೃತ್ತ ಕನ್ನಡ ಅಧ್ಯಾಪಕಿ, ಮದ್ದೂರು
(ಕೆಲಸ: ಸದ್ಯಕ್ಕೆ ಆಲು ಕರೆಯುವುದು. ಹಸು ನನಗೂ ಒದೆಯುತ್ತದೆ.)