ಕೊಡೆ ಕಡ್ಡಿಯ ಕೊಕ್ಕೆ

೬ ಸೆಪ್ಟೆಂಬರ್ ೧೯೫೫

ಅಕ್ಷರ ಸೊಟ್ಟಗಿವೆ. ತಪ್ಪು ಬಹಳ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು, ಒತ್ತಕ್ಷರ ಬಂದಲ್ಲಿ ಈಗಲೂ ಪೆನ್ಸಿಲು ನಿಲ್ಲುತ್ತದೆ. ಯಾರೂ ಓದದ ಪುಸ್ತಕದ ಮುಂದೆ ತಪ್ಪಾಯಿತು ಎನ್ನುವುದು ಹುಚ್ಚುತನ. ಆದರೂ ಪ್ರತಿ ಸಲ ಅನ್ನಬೇಕು ಅನಿಸುತ್ತದೆ.

ಇವತ್ತೂ ನಮ್ಮ ಓಣಿಯ ನೇಕಾರ ರಾಚಪ್ಪನವರ ಮನೆಗೆ ಹೋಗಿದ್ದೆ, ಸೆರಗು ಕೂಡಿಸಲು. ಅವರ ಸೊಸೆ ಕೂಡಿಸಿದ್ದು ಎರಡು ಸಲ ಹರಿಯಿತಂತೆ. ಸೀರೆಯ ಮೈ ನೂಲು, ಸೆರಗು ರೇಷ್ಮೆ. ಮಗ್ಗದ ಮೇಲೆಯೇ ನೂಲಿನ ಒಂದೊಂದು ಕುಣಿಕೆಯಲ್ಲಿ ರೇಷ್ಮೆಯ ಒಂದೊಂದು ಕುಣಿಕೆ ತೂರಿಸಬೇಕು. ಇಳಕಲ್ಲಿನಲ್ಲಿ ಇದು ಯಾವ ಹೆಂಗಸಿಗೆ ಬರುವುದಿಲ್ಲ? ಎಲ್ಲರಿಗೂ ಬರುತ್ತದೆ. ಆದರೆ ತೆಳು ರೇಷ್ಮೆ ಬಂದರೆ ನನ್ನನ್ನು ಕರೆಯುತ್ತಾರೆ. ನನ್ನ ಬಲಗೈ ಹೆಬ್ಬೆರಳಿನ ಉಗುರು ಡೊಂಕು. ಸಣ್ಣವಳಿದ್ದಾಗ ಒನಕೆ ಬಿದ್ದು, ಗಿಳಿಯ ಕೊಕ್ಕಿನ ಹಾಗೆ ಬಾಗಿ ಬೆಳೆಯಿತು. ಹೆಣ್ಣು ನೋಡಲು ಬಂದ ದಿನ ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಸಿದ್ದಳು. ಈಗ ಅದೇ ಉಗುರಿಗೆ ಕುಣಿಕೆ ತಾನಾಗಿ ಬಂದು ಕೂರುತ್ತದೆ.

"ಶಿವಲಿಂಗವ್ವಗ ಬಾಯಿ ಕೊಡೂದು ಮರತು ಎಲ್ಲಾ ಬೆರಳಿಗೇ ಕೊಟ್ಟಾನ ದೇವರು," ಅಂದರು ರಾಚಪ್ಪ. ಚಾಪೆ ಹಾಸಿ ಕೂರಿಸಿದರು. ಕಪ್ಪು-ಬಸಿಯಲ್ಲಿ ಚಹಾ. ತಲೆ ಎತ್ತಲಿಲ್ಲ, ಆದರೆ ಕೇಳಿಸಿಕೊಂಡೆ. ನಾಲ್ಕು ಮಂದಿಯ ನಡುವೆ ನಾನು ಹೋಗಿ ಕೂರುವುದು ಇದೊಂದಕ್ಕೇ.

ಮನೆಗೆ ಬಂದರೆ ಇಂದ್ರಾಬಾಯಿ — ನನ್ನ ಮೈದುನ ಅಂದಪ್ಪನ ಹೆಂಡತಿ, ಈ ಬೇಸಿಗೆಯಲ್ಲಿ ಕಮತಗಿಯಿಂದ ಮದುವೆಯಾಗಿ ಬಂದವಳು — ಹರಿದ ಕೊಡೆಯೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಕಸ ಬಿಟ್ಟು ಕೊಡೆ ಬಿಚ್ಚಿದರೂ ಅತ್ತೆ ಏನೂ ಅನ್ನುವುದಿಲ್ಲ.

"ಏನ ಮಾಡಾಕತ್ತೀಯವಾ?"

"ಹೇಳಿದರ ನಗತೀರಿ ಅಕ್ಕಾ."

೧೧ ಸೆಪ್ಟೆಂಬರ್

ಗೊತ್ತಾಯಿತು. ಕೊಡೆಯ ಕಡ್ಡಿಯ ತುದಿ ಬಗ್ಗಿಸಿ ಕೊಕ್ಕೆ ಮಾಡುತ್ತಿದ್ದಾಳೆ. ಸೆರಗು ಕೂಡಿಸಲು! ಕಡ್ಡಿಯ ಒಳಗೆ ಕಾಲುವೆಯ ಹಾಗೆ ಟೊಳ್ಳು. ಒಂದೇ ಸಲಕ್ಕೆ ಹತ್ತು ಕುಣಿಕೆ ಅದರಲ್ಲಿ ಸಾಲಾಗಿ ನಿಲ್ಲುತ್ತವಂತೆ. ನೆರೆಮನೆಯ ಬಾನುಬಿಯ ಗಂಡ ಸುಭಾನಸಾಬ ಕೊಡೆ, ಸ್ಟೋವು ರಿಪೇರಿ ಮಾಡುವವರು. ಅವರೇ ಕಾಯಿಸಿ ಬಡಿದು ಕೊಟ್ಟರು.

ಇವತ್ತು ಹಚ್ಚಿ ನೋಡಿದಳು. ಒಂದು ಹಿಡಿ ರೇಷ್ಮೆ ಹರಿಯಿತು.

"ನಿಮ್ಮ ಕಮತಗ್ಯಾಗ ರೇಷ್ಮಿ ಏನ ಬೇಲಿಮ್ಯಾಲ ಬೆಳಿತೈತೇನ?" ಅಂದರು ಅತ್ತೆ.

ನಾನೇ ಕೂತು ಬೆರಳಿನಿಂದ ಎಲ್ಲ ಸರಿಮಾಡಿದೆ. ಇಂದ್ರಾ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಎಷ್ಟ ಸಲೀಸ ಹಾಕ್ತೀರಿ ಅಕ್ಕಾ, ಅಂದಳು.

ಇವತ್ತು ರೊಟ್ಟಿ ಬಹಳ ರುಚಿ ಹತ್ತಿತು. ಒಂದು ಹೆಚ್ಚೇ ತಿಂದೆ.

೨೩ ಸೆಪ್ಟೆಂಬರ್

ಆಗಿಬಿಟ್ಟಿತು.

ನನಗೆ ಇಡೀ ಹಗಲು ಹಿಡಿಯುವ ಸೆರಗು. ಅವಳು ಊಟದ ಹೊತ್ತಿಗೆ ಮುಗಿಸಿ ಎದ್ದಳು. ಒಂದು ಎಳೆ ಹರಿಯಲಿಲ್ಲ. ಅಂದಪ್ಪ ಮಗ್ಗದ ಸುತ್ತ ತಿರುಗಿ ತಿರುಗಿ ನೋಡಿದ. ಇವರೂ, ನಮ್ಮ ಮನೆಯವರು, ಲಾಳಿ ಬಿಟ್ಟು ಎದ್ದು ಬಂದರು. "ಭಾರೀ ಆತಲ್ಲ ಇದು," ಅಂದರು. ಇವರ ಮಗ್ಗಕ್ಕೆ ಆರು ವರ್ಷದಿಂದ ಕೂಡಿಸುತ್ತಿದ್ದೇನೆ. ಭಾರೀ ಎಂಬ ಮಾತು ಇವರ ಬಾಯಲ್ಲಿ ಇದೆ ಎಂದೇ ಗೊತ್ತಿರಲಿಲ್ಲ.

ಅದಾದರೂ ಸಹಿಸುತ್ತಿದ್ದೆ. ಇಂದ್ರಾ ಬಂದು ನನ್ನ ಕೈ ಹಿಡಿದಳು.

"ಮೊದಲಿನ ಕೊಕ್ಕಿ ಭಾಳ ನೆಟ್ಟಗಿತ್ತರಿ. ಅವತ್ತ ನಿಮ್ಮ ಉಗುರು ನೋಡಿದ್ನೆಲ್ಲಾ, ಹಂಗ ಬಗ್ಗಸ್ರಿ ಅಂತ ಸುಭಾನಸಾಬರಿಗೆ ಹೇಳಿದೆ. ಚಾಚ್ರಿ, ಜೋಡಿಸಿ ನೋಡೂನು."

ಉಗುರಿನ ಪಕ್ಕ ಕೊಕ್ಕೆ ಇಟ್ಟಳು. ಅದೇ ಡೊಂಕು. ಅದೇ ತುದಿ. ನನ್ನ ಬೆರಳನ್ನೇ ಮುರಿದು ಕೈಯಲ್ಲಿ ಹಿಡಿದ ಹಾಗೆ ಕಂಡಿತು. ಒಲೆಯ ಮೇಲೆ ಹಾಲಿದೆ ಎಂದು ಕೈ ಎಳೆದುಕೊಂಡು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

೪ ಅಕ್ಟೋಬರ್

ಹುನಗುಂದದ ಪಂಢರೀನಾಥ ವಕೀಲರು ಬಂದಿದ್ದರು. ಮೈದುನ ಹೋಗಿ ಹೇಳಿಬಂದಿದ್ದನಂತೆ. ಇಂದ್ರಾ, ನಾನು ಇಬ್ಬರೂ ಬಾಗಿಲ ಹಿಂದೆ ನಿಂತು ಕೇಳಿದೆವು. ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಕ್ಕಾರು ಎಂದುಕೊಂಡಿದ್ದೆ... ನಗಲಿಲ್ಲ.

"ಸಣ್ಣದಂತ ತಿಳೀಬ್ಯಾಡ್ರಿ. ಪಂಪಿನ ಸ್ಟೋವಿಗೆ ಪೇಟೆಂಟ ಆಗೇದ. ನೀವು ದಾಡಿ ಮಾಡ್ಕೋತೀರಲ್ಲಾ, ಆ ಬ್ಲೇಡಿಗೆ ಆಗೇದ. ಐವತ್ತು ವರ್ಷದ ಹಿಂದ ಯಾವನೋ ಒಬ್ಬಾಂವ ಕೂತು ವಿಚಾರ ಮಾಡಿದ, ಇವತ್ತ ಇಳಕಲ್ಲಿನ ಸಂತ್ಯಾಗ ಕೊಂಡಕೋತೀರಿ. ಅರ್ಜಿ ಕಲ್ಕತ್ತಾಕ್ಕ ಹೋಗಬೇಕು. ಡ್ರಾಯಿಂಗ ತಗಿಸ್ತೇನಿ. ದಸರಾ ಸೂಟಿ ಮುಗದ ಕೂಡಲೆ ಕಳಸೂಣು. ಅಲ್ಲೀತನಕಾ ಒಬ್ಬರಿಗೂ ತೋರಸಬಾರದು. ಮಂದಿ ನೋಡಿ ಬಳಸಲಿಕ್ಕೆ ಹತ್ತಿದರ ಅದು ಹೊಸಾದಲ್ಲ. ಪೇಟೆಂಟ ಸಿಗೂದಿಲ್ಲ."

"ಸುಭಾನಸಾಬರಿಗೆ ಗೊತ್ತೈತಲ್ರಿ," ಅಂದ ಮೈದುನ.

"ಬಡದು ಕೊಟ್ಟಾರ, ಬಾಯಿ ಮುಚಗೊಂಡಿರ್ರಿ ಅಂತ ಹೇಳು. ಹೆಸರು ಯಾರದ ಬರಕೊಳ್ಳಲಿ?"

"ಇಂದ್ರಾಬಾಯಿ."

ಬರೆದುಕೊಂಡರು. ಸೀಸದಕಡ್ಡಿಯ ಸಪ್ಪಳ ಬಾಗಿಲ ಹಿಂದೆಯೂ ಕೇಳಿಸಿತು. ಒಂದು ಹೆಜ್ಜೆ ಹೊರಗಿಟ್ಟು ಉಗುರು ನಂದ್ರಿ ಅಂದಿದ್ದರೆ... ಅವಳ ಹೆಸರು ಕಲ್ಕತ್ತಾಕ್ಕೆ ಹೋಗುತ್ತದೆ. ನನ್ನ ಹೆಸರು ಈ ಓಣಿ ದಾಟಿಲ್ಲ.

೨೧ ಅಕ್ಟೋಬರ್

ಇಂದ್ರಾ, ಮೈದುನ ಇಬ್ಬರೂ ಕಮತಗಿಗೆ ಹೋದರು, ಮೊದಲ ದಸರೆ. ಹೋಗುವಾಗ ಕೊಕ್ಕೆ ನನ್ನ ಕೈಗೆ ಕೊಟ್ಟಳು.

"ಅಲ್ಲಿ ತಂಗೇರು ಭಾಳ. ಒಬ್ಬಾಕಿ ಕೈಗೆ ಸಿಕ್ಕರ ಊರಿಗೇ ಡಂಗುರ. ನಿಮ್ಮ ಕಡೆ ಇರಲಿ ಅಕ್ಕಾ. ನೀವಾದರ ಯಾರ ಮುಂದೂ ಮಾತೇ ಆಡೂದಿಲ್ಲ."

ಪ್ರೀತಿಯಿಂದಲೇ ಅಂದಳು. ಬಸ್ಸಿನ ಧೂಳು ಕುಳಿತ ಮೇಲೂ ಆ ಮಾತು ಕುಳಿತಿರಲಿಲ್ಲ.

ಖಂಡೆಪೂಜೆ

ಪ್ರತಿ ವರ್ಷದ ಆಯುಧಪೂಜೆಯಂತೆ ನಾನೇ ಹತ್ಯಾರ ತೊಳೆದು ಮಗ್ಗದ ಮುಂದೆ ಇಟ್ಟೆ. ಲಾಳಿ, ಕತ್ತರಿ, ರಾಟೆಯ ಕದಿರು, ಈಳಿಗೆ.

"ಆ ಕೊಕ್ಕಿನೂ ಇಡು," ಅಂದರು ಅತ್ತೆ. "ಮನ್ಯಾಗಿನ ಹತ್ಯಾರ ಪೂಜಿ ಬಿಟ್ಟ ಕೂಡಬಾರದು. ಬಿಟ್ಟರ ಕೈಗೇ ಹತ್ತತೈತಿ."

"ವಕೀಲರು ತೋರಸಬ್ಯಾಡ ಅಂದಾರ್ರೀ."

"ಬಟ್ಟಿ ಸುತ್ತಿ ಇಡು. ದೇವರಿಗೇನು, ಬಟ್ಟಿ ಒಳಗಿಂದೂ ಕಾಣತೈತಿ."

ಕುಪ್ಪಸದ ಕಣದ ತುಂಡಿನಲ್ಲಿ ಸುತ್ತಿ ಇಟ್ಟೆ. ಎಲ್ಲಕ್ಕಿಂತ ಹೆಚ್ಚು ಕುಂಕುಮ ಆ ಗಂಟಿಗೇ ಬಿತ್ತು.

ಬನ್ನಿಯ ದಿನ

ಇವತ್ತು ಅಕ್ಷರ ಇನ್ನೂ ಕೆಟ್ಟಿವೆ.

ಸಂಜೆ ಓಣಿಯೆಲ್ಲ ದಸರೆಯ ಬನ್ನಿ ಎಲೆ ಕೊಡಲು ಬಂತು. ಪೂಜೆ ಕದಲಿಸಿ ಆಗಿತ್ತು, ಹತ್ಯಾರ ಇನ್ನೂ ಅಲ್ಲೇ ಇದ್ದವು. ಅತ್ತೆ ಒಳಗೆ ಫಳಾರ ಹಾಕುತ್ತಿದ್ದರು.

ರಾಚಪ್ಪ ಅಂದರು, "ಏನವಾ ಶಿವಲಿಂಗವ್ವಾ, ನಾಳಿಗೆ ಬಾ. ಸೆರಗು ನಿನ್ನ ಬೆರಳಿನ ದಾರಿ ಕಾಯಾಕತ್ತೈತಿ."

ಬಾನುಬಿ ನಕ್ಕಳು. "ಈ ಮನ್ಯಾಗ ಈಗ ಬೆರಳು ಯಾರಿಗೆ ಬೇಕ್ರೀ? ನಮ್ಮವರು ಏನೋ ಒಂದು ಬಡದು ಕೊಟ್ಟಾರ. ಏನಂತ ಕೇಳಿದರ ಬಾಯಿ ಬಿಡವಲ್ರು. ಸಣ್ಣ ಸೊಸಿ ಅದರಾಗ ಕೂತಕೂತಲ್ಲೇ ಸೆರಗು ಮುಗಸ್ತಾಳಂತ."

"ಸಣ್ಣ ಸೊಸೀನ? ಭಾಳ ಶ್ಯಾಣ್ಯಾಕಿ ಬಿಡು," ಅಂದರು ರಾಚಪ್ಪ. ಅವರ ಸೊಸೆಯೂ ಹೌದೌದು ಅಂದಳು. ಎಲ್ಲರೂ ಇಂದ್ರಾ ಎಲ್ಲಿ, ಇಂದ್ರಾ ಎಲ್ಲಿ ಎಂದು ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು.

ನಾನು ಅಲ್ಲಿಯೇ ನಿಂತಿದ್ದೆ.

ಬಗ್ಗಿ ಗಂಟು ತೆಗೆದುಕೊಂಡೆ. ಬಟ್ಟೆ ಬಿಚ್ಚಿದೆ. ಯಾರೂ ಬಿಚ್ಚು ಅಂದಿರಲಿಲ್ಲ. ಮಗ್ಗದಲ್ಲಿ ಹೊಸ ಸೆರಗು ಕೂಡಿಸಲು ಸಿದ್ಧವಿತ್ತು. ಕೂತೆ. ಹತ್ತು ಕುಣಿಕೆ ಎತ್ತಿದೆ, ತೂರಿಸಿದೆ, ಎಳೆದೆ. ಮತ್ತೆ ಹತ್ತು. ಓಣಿಗೆ ಓಣಿಯೇ ಮಗ್ಗದ ಸುತ್ತ ನೆರೆಯಿತು. ಆಮೇಲೆ ಮಾತು ಬಂತು — ಎಲ್ಲಿತ್ತೋ ಅಷ್ಟು ಮಾತು.

"ಇದು ನನ್ನ ಉಗುರು ನೋಡಿ ಮಾಡಿದ್ದ್ರಿ. ಬೇಕಾದರ ಜೋಡಿಸಿ ನೋಡ್ರಿ."

ರಾಚಪ್ಪ ಕೊಕ್ಕೆಯನ್ನು ನನ್ನ ಹೆಬ್ಬೆರಳಿನ ಪಕ್ಕ ಹಿಡಿದರು. "ಖರೇನ. ಶಿವಲಿಂಗವ್ವನ ಉಗುರಿದು."

ಕೊಕ್ಕೆ ಕೈಯಿಂದ ಕೈಗೆ ಹೋಯಿತು. ರಾಚಪ್ಪನವರ ಸೊಸೆ, ಎರಡು ಸಲ ರೇಷ್ಮೆ ಹರಿದವಳು, ನನ್ನ ಜಾಗದಲ್ಲಿ ಕೂತು ಹಾಕಿದಳು. ಮೊದಲ ಸಲಕ್ಕೇ ಬಂತು. ಆಗಲೂ ನಗುತ್ತಲೇ ಇದ್ದೆ. ತಿರುಗಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಫಳಾರದ ತಾಟು.

೧೦ ನವೆಂಬರ್

ಊರಲ್ಲಿ ಹರಕು ಕೊಡೆ ಒಂದೂ ಉಳಿದಿಲ್ಲ. ಯಾರೋ ಹೊಸ ಕೊಡೆಯನ್ನೇ ಮುರಿದುಕೊಂಡು ಸುಭಾನಸಾಬರ ಕಡೆ ಬಂದಿದ್ದನಂತೆ. "ಮಳಿಗಾಲಕ್ಕ ಇಳಕಲ್ಲ ಮಂದಿ ಗೋಣಿಚೀಲಾ ಹೊತಗೊಂಡ ತಿರಗ್ತಾರ ನೋಡ್ರಿ," ಅಂದಳು ಬಾನುಬಿ. ಮೊದಮೊದಲು ಕೊಕ್ಕೆಗೆ ಶಿವಲಿಂಗವ್ವನ ಉಗುರು ಅನ್ನುತ್ತಿದ್ದರಂತೆ. ಈಗ ಬರೀ ಉಗುರು.

ವಕೀಲರು ಡ್ರಾಯಿಂಗು ಮರಳಿ ಕೊಟ್ಟರು. "ಓಣಿಯೆಲ್ಲಾ ಹಿಡಕೊಂಡು ಕೂತದ. ಹೊಸಾದು ಅಂತ ನಾ ಯಾವ ಬಾಯಿಲೆ ಬರೀಲಿ?"

ಮೈದುನ ನನ್ನ ಮುಖ ನೋಡುವುದಿಲ್ಲ. ಇಂದ್ರಾ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಒಂದೇ ಕೇಳಿದಳು.

"ಬಟ್ಟಿ ತಾನಾಗೇ ಬಿಚ್ಚಿಕೊಂತೇನ್ರಿ?"

ಅಕ್ಕಾ ಅನ್ನಲಿಲ್ಲ.

೨೭ ನವೆಂಬರ್

ಯಾರೂ ಕರೆದಿಲ್ಲ. ನೀರಿಗೆ ಹೋಗುವಾಗ ರಾಚಪ್ಪನವರ ಬಾಗಿಲ ಮುಂದೆ ಕೊಡ ಇಳಿಸಿ ಸಿಂಬೆ ಸರಿಮಾಡಿಕೊಂಡೆ. ಸರಿಯಾಗಿಯೇ ಇತ್ತು. ಒಳಗೆ ಸೊಸೆ ಕೂಡಿಸುತ್ತ ಕೂತಿದ್ದಳು. "ನೀರಿಗೆ ಹೊಂಟಿರೇನ್ರಿ?" ಅಂದಳು. ಅಷ್ಟೇ. ಚಾಪೆ ಸುತ್ತಿ ಗೋಡೆಗೆ ಆನಿಸಿ ಇಟ್ಟಿತ್ತು.

ಕೊಕ್ಕೆ ನಮ್ಮ ಮನೆಯಲ್ಲೇ ಉಳಿದಿದ್ದರೆ ಅವರು ನನ್ನನ್ನು ಕರೆಯುತ್ತಲೇ ಇರುತ್ತಿದ್ದರು. ಓಣಿಗೆ ಕಲಿಸಿದವಳು ಇಂದ್ರಾ ಅಲ್ಲ, ನಾನು. ಇದು ಗೊತ್ತು. ಗೊತ್ತಿದ್ದೂ ಸಿಟ್ಟು ಅವಳ ಮೇಲೆಯೇ.

೯ ಡಿಸೆಂಬರ್

ಇಂದ್ರಾ ಮತ್ತೆ ಕೊಡೆ ಕಡ್ಡಿ ಹಿಡಿದು ಕೂತಿದ್ದಾಳೆ. ಇವತ್ತು ತಾನಾಗಿ ಮಾತಾಡಿದಳು.

"ಅಕ್ಕಾ, ಭಾಳ ತೆಳು ರೇಷ್ಮಿಗೆ ಆ ಕೊಕ್ಕಿ ಬರೂದಿಲ್ಲ. ಎಳಿ ಸಿಕ್ಕೊಂತೈತಿ. ನಿಮ್ಮ ಉಗುರಿನ ತುದಿ ಒಳಗ ಒಂಚೂರು ಹೊರಳೇತಿ, ಅದನ್ನ ನಾ ಆವಾಗ ನೋಡೇ ಇರಲಿಲ್ಲ. ನಾಳೆ ಮುಂಜಾನೆ ಬಿಸಲಾಗ ತೋರಸ್ರಿ. ಇದು ಬ್ಯಾರೇನ ಆಗತೈತಿ, ವಕೀಲರು ಮತ್ತ ಬರೀತಾರ."

ಕಡ್ಡಿ ಎತ್ತಿ ತೋರಿಸಿ ನಕ್ಕಳು. "ಈ ಸಲ ಮಾತ್ರ ನಿಮ್ಮ ಕೈಯಾಗ ಕೊಟ್ಟ ಹೋಗೂದಿಲ್ಲ ನೋಡ್ರಿ."

ಅತ್ತೆ ನಕ್ಕರು. ಮೈದುನನೂ ನಕ್ಕ. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು. ನಾನೂ ನಕ್ಕೆ.

೧೦ ಡಿಸೆಂಬರ್, ಬೆಳಿಗ್ಗೆ

ಇವರ ದಾಡಿ ಬ್ಲೇಡು ತೆಗೆದುಕೊಂಡು ಹಿತ್ತಲಿಗೆ ಹೋದೆ. ಹೆಬ್ಬೆರಳಿನ ಉಗುರು ಬುಡದ ತನಕ ತೆಗೆದೆ. ಗಟ್ಟಿ ಇತ್ತು, ಹೊತ್ತು ಹಿಡಿಯಿತು. ಮತ್ತೆ ಬೆಳೆಯುತ್ತದೆ. ಅದೂ ಗೊತ್ತು.

ಅಂಗಳದಿಂದ ಇಂದ್ರಾ ಕರೆಯುತ್ತಿದ್ದಾಳೆ. ಬಿಸಲು ಬಂತು, ಬರ್ರಿ ಅಕ್ಕಾ. ಬಂದೆ ಅಂದೆ. ಬ್ಲೇಡು ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ಇದ್ದಲ್ಲೇ ಇಟ್ಟಿದ್ದೇನೆ. ಈಗ ಹೋಗಿ ಬರೀ ಬೆರಳು ಚಾಚಬೇಕು.